ಆಫರ್ ರಾಯರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರು ಆಫರ್ ರಾಯರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ನಿವೃತ್ತರಾದವರು. ಜೇಬಿನಲ್ಲಿ ಮಡಚಿಟ್ಟ ಬಟ್ಟೆಚೀಲ, ಪರ್ಸಿನಲ್ಲಿ ನೋಟಿಗಿಂತ ಹೆಚ್ಚು ಮೆಂಬರ್‌ಶಿಪ್ ಕಾರ್ಡು. ಆ ಕಾರ್ಡು ಕೊಟ್ಟ ಅಂಗಡಿಗಳಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿವೆ. ಕಾರ್ಡು ಮಾತ್ರ ಎಸೆಯುವ ಹಾಗಿಲ್ಲ. "ಪಾಯಿಂಟ್ಸ್ ಬಾಕಿ ಇದೆ ಕಣ್ರೀ!"

ರಾಯರಿಗೆ ಬೇಕಾದದ್ದು ಸಾಮಾನಲ್ಲ, ಕೊಸರು. ಮೂಲೆ ಅಂಗಡಿ ಶೆಟ್ಟರು ಎರಡು ಎಸಳು ಕರಿಬೇವಿನಲ್ಲಿ ಅದನ್ನು ಮುಗಿಸಿಬಿಡುತ್ತಿದ್ದರು. 2001ರಲ್ಲಿ ಬಿಗ್ ಬಜಾರ್ ಬಂತು ನೋಡಿ, ರಾಯರ ನಿಜವಾದ ಯೌವನ ಶುರುವಾದದ್ದು ಆಗ. ಒಂದಕ್ಕೊಂದು ಫ್ರೀ, ಎರಡಕ್ಕೆರಡು ಫ್ರೀ. "ಬಾಯಲ್ಲಿರೋದು ನಾಲ್ಕು ಹಲ್ಲು, ಮನೇಲಿರೋದು ನಲವತ್ತು ಪೇಸ್ಟು" ಎಂದು ಅವರ ಮನೆಯಾಕೆ ಗೊಣಗುವುದುಂಟು. ಹಳೇ ಸಾಮಾನು ಕೊಟ್ಟು ಕೂಪನ್ ಪಡೆಯುವ ಎಕ್ಸ್‌ಚೇಂಜ್ ಮೇಳ ಬಂದಾಗ ಅತ್ತೆಮನೆಯ ಹಿತ್ತಾಳೆ ಹಂಡೆ ಆಟೋ ಹತ್ತಿತು. ಬದಲಿಗೆ ಬಂದದ್ದು ಪ್ಲಾಸ್ಟಿಕ್ ಡಬ್ಬಗಳು, ಅದೂ ಕೂಪನ್ನಿನ ಹಲವು ಪಟ್ಟು ವ್ಯಾಪಾರ ಮಾಡಿದ ಮೇಲೆ. ಹಂಡೆಯ ವಿಚಾರ ಆ ಮನೆಯಲ್ಲಿ ಈಗಲೂ ಎತ್ತುವಂತಿಲ್ಲ.

2006ರ ಗಣರಾಜ್ಯೋತ್ಸವದ ಮಹಾಮಾರಾಟವನ್ನು ರಾಯರು ಕ್ವಿಟ್ ಇಂಡಿಯಾ ಚಳವಳಿ ಕಂಡವರ ಧಾಟಿಯಲ್ಲಿ ವರ್ಣಿಸುತ್ತಾರೆ. ಜನ ಮುಗಿಬಿದ್ದು, ಎಷ್ಟೋ ಕಡೆ ಶಟರ್ ಎಳೆದು, ಪೊಲೀಸರನ್ನು ಕರೆಸಬೇಕಾಯಿತು. ರಾಯರ ಕೈಗೊಂದು ಪ್ರೆಷರ್ ಕುಕ್ಕರ್ ಸಿಕ್ಕಿತು. ಮುಚ್ಚಳ ಇನ್ಯಾರ ಕೈಗೋ ಸಿಕ್ಕಿತು. ಮರುವರ್ಷದಿಂದ ವಾರವಾರವೂ ಬುಧವಾರದ ಅಗ್ಗದ ಸಂತೆ ಬಂದ ಮೇಲೆ, ಬುಧವಾರ ಮದುವೆ ಇಟ್ಟುಕೊಂಡ ನೆಂಟರ ಪಾಡು ಕೇಳಬೇಡಿ.

ಬಿಗ್ ಬಜಾರ್ ಕಟ್ಟಿದ ಕಿಶೋರ್ ಬಿಯಾನಿಯವರು ರಾಯರನ್ನು ಕಂಡಿರಲಿಲ್ಲ, ಆದರೆ ಚೆನ್ನಾಗಿ ಬಲ್ಲರು. ಅಂಗಡಿ ಒಪ್ಪವಾಗಿದ್ದರೆ ನಮ್ಮ ಜನ ನಿಲ್ಲದೆ ನಡೆದುಬಿಡುತ್ತಾರೆ ಎಂದು ತಿಳಿದು ಬೇಕೆಂದೇ ದಾರಿ ಇಕ್ಕಟ್ಟು ಮಾಡಿಸಿದರು, ಸರಕು ಗುಡ್ಡೆ ಹಾಕಿಸಿದರು. ಒಳ್ಳೇ ಈರುಳ್ಳಿಯ ನಡುವೆ ಕಪ್ಪು ಕಲೆಯದನ್ನೂ ಉಳಿಸಿದರು. ಆರಿಸಿಕೊಂಡವನಿಗೆ ಗೆದ್ದೆನೆಂಬ ಹಿಗ್ಗು ಇರಲಿ ಎಂದು. ಈ ಬುದ್ಧಿಗೆ ನಾನಂತೂ ತಲೆದೂಗುತ್ತೇನೆ. ರಾಯರು ಆ ಗುಡ್ಡೆಯ ಮುಂದೆ ಅರ್ಧ ಗಂಟೆ ಬಗ್ಗಿ ನಿಂತು, ಸೊಂಟ ಹಿಡಿದುಕೊಂಡು ಎದ್ದು, "ಮೋಸ ಹೋಗೋ ಪೈಕಿ ನಾವಲ್ಲ" ಎನ್ನುತ್ತಿದ್ದರು.

ಈಗ ಯಾವ ಸೂಪರ್ ಮಾರ್ಕೆಟ್ಟಿಗೆ ಕಾಲಿಟ್ಟರೂ ಅದೇ ನಕ್ಷೆ. ದಿನಬಳಕೆಯ ಬೇಳೆ ಒಳಗಿನ ಮೂಲೆಯಲ್ಲಿ, ಬಿಲ್ ಕೌಂಟರಿನ ಪಕ್ಕ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಚಾಕೊಲೇಟು. ರಾಯರಿಗೆ ಇದೊಂದು ಸಮಾಧಾನ. ಹುಬ್ಬಳ್ಳಿಗೆ ಮಗಳ ಮನೆಗೆ ಹೋದಾಗ ಅಳಿಯಂದಿರು ಸಿದ್ಧಾರೂಢರ ಮಠಕ್ಕೆ ಹೊರಡಿಸಿದರೆ, ಇವರು ದಾರಿಯ ಮಾರ್ಟಿಗೆ ನುಗ್ಗಿ ಕಣ್ಣು ಮುಚ್ಚಿಕೊಂಡು ತೊಗರಿಬೇಳೆ ಮುಟ್ಟಿ ತೋರಿಸಿದರು. ಬೆಂಗಳೂರಿಗೆ ವಾಪಸು ಬಂದಾಗ ಕೈಯಲ್ಲಿದ್ದದ್ದು ಪೇಡಾ ಅಲ್ಲ, ಪೀಣ್ಯದ ವಿಳಾಸವಿದ್ದ ಅವಲಕ್ಕಿ ಪ್ಯಾಕೆಟ್ಟು. "ಅಲ್ಲಿ ಹನ್ನೆರಡು ರೂಪಾಯಿ ಕಮ್ಮಿ!"

ಅಂಗಡಿಗಳ ಸಾವಿನ ವಿಷಯದಲ್ಲಿ ರಾಯರದು ಪಾಂಡಿತ್ಯ. ಸುಮಾರು 1600 ಮಳಿಗೆ ತೆರೆದ ಚೆನ್ನೈನ ಸುಭಿಕ್ಷಾ 2009ರಲ್ಲಿ ಸಂಬಳ, ಬಾಡಿಗೆಗೂ ಗತಿಯಿಲ್ಲದೆ ಬಾಗಿಲು ಹಾಕಿತು. ಬಿಗ್ ಬಜಾರ್ ಸಾಲದಲ್ಲಿ ಮುಳುಗಿ, ಕೊರೊನಾದಲ್ಲಿ ಸೊರಗಿತು. ಅದರ ಮೇಲೆ ಅಮೆಜಾನ್, ರಿಲಯನ್ಸ್ ಎರಡೂ ಕಣ್ಣಿಟ್ಟು ವ್ಯಾಜ್ಯ ಕೋರ್ಟು ಹತ್ತಿತು. 2022ರ ಫೆಬ್ರವರಿಯಲ್ಲಿ, ಬಾಡಿಗೆ ಬಾಕಿ ಬಿದ್ದ ಮಳಿಗೆಗಳನ್ನು ರಿಲಯನ್ಸ್ ವಶಕ್ಕೆ ತೆಗೆದುಕೊಂಡಿತು. ಆಮೇಲೆ ಸ್ಮಾರ್ಟ್ ಬಜಾರ್ ಎಂಬ ಬೋರ್ಡು ಬಂತು. "ಪಾಪ, ಅಂಥಾ ಅಂಗಡಿ ಹೇಗೆ ಮುಳುಗಿತೋ! ಅಷ್ಟು ವರ್ಷದಲ್ಲಿ ನಾನು ಒಂದು ದಿನ ಪೂರ್ತಿ ಬೆಲೆ ಕೊಟ್ಟಿಲ್ಲ ಗೊತ್ತಾ?" ಎರಡೂ ಮಾತು ಒಂದೇ ಉಸಿರಿನಲ್ಲಿ ಬರುತ್ತವೆ.

ಮೊಮ್ಮಗ ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಕೊತ್ತಂಬರಿ ತರಿಸುತ್ತಾನೆ. ರಾಯರು ಕನ್ನಡಕ ಏರಿಸಿ ಬಿಲ್ ಓದಿದರು. ಸಣ್ಣ ಆರ್ಡರಿಗೆ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಮಳೆ ಬಂದದ್ದಕ್ಕೂ ಚಾರ್ಜು. "ಮುಟ್ಟಿದ್ದಕ್ಕೂ ದುಡ್ಡೇನೋ? ಗಿರಾಕಿ ಕೈಯಲ್ಲೇ ಕೊಸರು ಕೀಳ್ತಾರಲ್ಲೋ!" ಅವತ್ತು ಅವರು ಊಟಕ್ಕೆ ಏಳಲಿಲ್ಲ.

ಮರುದಿನ ಚೀಲ ಹಿಡಿದು ಹೊರಟೇಬಿಟ್ಟರು. ಮುಖ್ಯರಸ್ತೆಯ ಮಾರ್ಟಿನಲ್ಲಿ ನಾನೂ ಸಿಕ್ಕಿಬಿದ್ದೆ. ರಾಯರು ಸಾಮಾನು ನೋಡುತ್ತಿರಲಿಲ್ಲ, ರ‍್ಯಾಕು ನೋಡುತ್ತಿದ್ದರು. ಉದ್ದಕ್ಕೂ ಒಂದೇ ಕಂಪನಿಯ ಚಿಪ್ಸು, ಒಂದೇ ಸಾಲು, ಹಿಂದೆ ಬರೀ ತಗಡು. ಕೈ ಹಾಕಿ ಪರೀಕ್ಷಿಸಿ ನನ್ನ ಕಿವಿಯಲ್ಲಿ ಹೇಳಿದರು: "ಸಪ್ಲೈಯರ್‌ಗಳು ಮಾಲು ನಿಲ್ಸಿದಾರೆ. ಖಾಲಿ ಕಾಣಬಾರದು ಅಂತ ಹೀಗೆ ಹರಡಿದಾರೆ. ಹೆಚ್ಚು ಅಂದ್ರೆ ಆರು ತಿಂಗಳು."

"ಛೆ, ಪಾಪ" ಎಂದೆ.

"ಪಾಪವೇ. ಮ್ಯಾನೇಜರ್ ಹತ್ರ ಟ್ರಾಲಿ ಒಂದಕ್ಕೆ ಮಾತಾಡಿಟ್ಟಿದೀನಿ. ನಿಮಗೂ ಬೇಕಾ ಹೇಳಿ, ಎರಡು ತಗೊಂಡ್ರೆ ಕಮ್ಮಿಗೆ ಬರತ್ತೆ."