ಆಡುವ ಹನ್ನೊಂದರ ಶಾಸ್ತ್ರ: ಬಾಗಲಕೋಟೆ ಸೀಮೆಯ ಘರಾಣೆಗಳು

ಆರ್‌ಸಿಬಿಯ ಆಡುವ ಹನ್ನೊಂದು ಮಂದಿಯನ್ನು ಬೆಂಗಳೂರಿನಲ್ಲಿ ಆರಿಸುತ್ತಾರೆ ಎಂಬ ತಪ್ಪು ಕಲ್ಪನೆ ದಕ್ಷಿಣದ ಜಿಲ್ಲೆಗಳಲ್ಲಿ ಈಗಲೂ ಇದೆ. ಬೆಂಗಳೂರಿನಲ್ಲಿ ಇರುವುದು ಮೈದಾನ, ಕಚೇರಿ ಮತ್ತು ಸಹಿ ಹಾಕುವ ಪೆನ್ನು ಮಾತ್ರ. ಆಯ್ಕೆಯ ಚಿಂತನೆ ನಡೆಯುವುದು ಅಲ್ಲಿಂದ ಐನೂರು ಕಿಲೋಮೀಟರ್ ಆಸುಪಾಸು ಉತ್ತರಕ್ಕೆ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಚಹಾದಂಗಡಿ, ಕಟಿಂಗ್ ಅಂಗಡಿ ಮತ್ತು ಮಿರ್ಚಿ ಭಜಿಯ ಬಂಡಿಗಳ ಮುಂದೆ. ಸಂಗೀತದಲ್ಲಿ ಕಿರಾಣಾ, ಗ್ವಾಲಿಯರ್, ಜೈಪುರ ಎಂದು ಘರಾಣೆಗಳನ್ನು ಸಾಕಿದ ಸೀಮೆಯ ನೆರೆಹೊರೆಯವರಿಗೆ ಆಯ್ಕೆಶಾಸ್ತ್ರದಲ್ಲೂ ಘರಾಣೆಗಳಿರುವುದು ಸಹಜ. ಈ ವಿದ್ಯೆಗೆ ಇದುವರೆಗೆ ಒಂದು ವಿಶ್ವವಿದ್ಯಾಲಯವೂ ಪೀಠ ಕೊಟ್ಟಿಲ್ಲ. ಆ ಕೊರತೆಯನ್ನು ಈ ಪ್ರಬಂಧ ಒಂದಿಷ್ಟು ತುಂಬಬಹುದು.

ಎಲ್ಲ ಘರಾಣೆಗಳೂ ಒಪ್ಪುವ ಮೂಲಸೂತ್ರ ಒಂದೇ: ತಂಡವನ್ನು ಪಂದ್ಯ ಮುಗಿದ ಮೇಲೆ ಆರಿಸಬೇಕು. ಆಟಕ್ಕೆ ಮುಂಚೆ ಆರಿಸುವುದು ಅವೈಜ್ಞಾನಿಕ, ಏಕೆಂದರೆ ಯಾರು ಎಷ್ಟು ರನ್ ಹೊಡೆದರು ಎಂಬ ಮಾಹಿತಿ ಆಗ ಇರುವುದೇ ಇಲ್ಲ. ಫ್ರಾಂಚೈಸಿ ಮಾತ್ರ ಮೊದಲ ದಿನದಿಂದಲೂ ಈ ತಪ್ಪನ್ನೇ ಮಾಡುತ್ತ ಬಂದಿದೆ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದ ಮೆಕಲಮ್ ಒಬ್ಬರೇ ಔಟಾಗದೆ 158 ಹೊಡೆದರು, ನಮ್ಮ ಹನ್ನೊಂದೂ ಜನ ಸೇರಿ 82. ಅಂದು ರಾತ್ರಿ ಹನ್ನೆರಡರ ನಂತರ ತಂಡ ಆರಿಸಿದ್ದರೆ ಇಂಥ ಅನಾಹುತ ಆಗುತ್ತಿತ್ತೇ?

ಇಳಕಲ್ ಘರಾಣೆಯಿಂದ ಶುರು ಮಾಡೋಣ, ಏಕೆಂದರೆ ಸಿದ್ಧಾಂತದ ಶುದ್ಧಿ ಇರುವುದು ಅಲ್ಲಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಎರಡನ್ನೂ ಎಳೆಗೆ ಎಳೆ ಕುಣಿಕೆಯಾಗಿ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಗಿರಾಕಿಯ ಕಣ್ಣು ಕೆಂಪು ಸೆರಗಿನ ಟೋಪ್ ತೆನಿಯ ಮೇಲಿದ್ದರೆ ನೇಕಾರನ ಬೆರಳು ಆ ಕೂಡುಗೆರೆಯ ಮೇಲೆ ಓಡಾಡುತ್ತಿರುತ್ತದೆ. ಇಷ್ಟು ತಿಳಿದ ಮೇಲೆ ಆರ್‌ಸಿಬಿಯ ಇತಿಹಾಸ ತಿಳಿಯಲು ಬೇರೆ ಪುಸ್ತಕ ಬೇಡ.

ಕಟಿಂಗ್ ಅಂಗಡಿಯೊಂದರಲ್ಲಿ, ಅರ್ಧ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತಿದ್ದ ಹಿರಿಯ ನೇಕಾರರೊಬ್ಬರು ಇದನ್ನು ಕನ್ನಡಿ ನೋಡುತ್ತಲೇ ವಿವರಿಸಿದರು.

"ಗೇಲ್, ಕೊಹ್ಲಿ, ಡಿವಿಲಿಯರ್ಸ್. ಮೂರೂ ಸೆರಗs ಅವು. ಬರೇ ಸೆರಗ ನೇಯ್ದ್ರ ಉಟ್ಕೊಳ್ಳಾಕ ಬರ್ತೈತೇನ್ರಿ?"

2016ರ ಫೈನಲ್ ಅವರ ಪ್ರಮಾಣ ಗ್ರಂಥ. ಹೈದರಾಬಾದ್ 208 ಹೊಡೆದಿತ್ತು. ಗೇಲ್ 38 ಎಸೆತಕ್ಕೆ 76, ಕೊಹ್ಲಿ 54. ಮೊದಲ ವಿಕೆಟ್ಟಿಗೇ 114 ಬಂತು, ಅದೂ ಹತ್ತೂವರೆ ಓವರಿನಲ್ಲಿ. ಮುಂದೆ ಒಡಲು ಸಿಕ್ಕಲಿಲ್ಲ. ತಂಡ 200ಕ್ಕೆ ನಿಂತು 8 ರನ್ನಿಂದ ಸೋತಿತು. ಪಕ್ಕದ ಕುರ್ಚಿಯ ಹುಡುಗ, ಅವರ ತಂಗಿಯ ಮಗನಂತೆ, ಮೊಬೈಲಿನಿಂದ ತಲೆ ಎತ್ತದೆ ಹೇಳಿದ:

"ಮಾವಾ, ಬ್ಯಾಟಿಂಗ್ ಅಲ್ಲ ಅದು. ವಾಟ್ಸನ್ ನಾಕ್ ಓವರಿಗೆ 61 ಕೊಟ್ಟಿದ್ದ. ಒಂಬತ್ತೂವರೆ ಕೋಟಿ ತಗೊಂಡಿದ್ನಲ್ಲ, ಓವರಿಗೆ ಹದಿನೈದು."

"ಅದೂ ಕೊಂಡಿನs ಲೇ. ಬೌಲಿಂಗಿನ ಕೊಂಡಿ."

ಯಾವ ಸಾಕ್ಷ್ಯವನ್ನೂ ಒಳಗೆ ಎಳೆದುಕೊಳ್ಳಬಲ್ಲ ಈ ಸಾಮರ್ಥ್ಯವೇ ಶ್ರೇಷ್ಠ ಸಿದ್ಧಾಂತದ ಲಕ್ಷಣ. 2025ರ ಮೇ 27ರಂದು ಲಖನೌ ವಿರುದ್ಧ 228 ಬೆನ್ನಟ್ಟುವಾಗ ಜಿತೇಶ್ ಶರ್ಮಾ ನಡುವಿನ ಕ್ರಮಾಂಕದಲ್ಲಿ ಬಂದು 33 ಎಸೆತಕ್ಕೆ 85 ಹೊಡೆದು ಗೆಲ್ಲಿಸಿದರು. ಆ ಇನಿಂಗ್ಸ್ ಈಗ ಇಳಕಲ್‌ನಲ್ಲಿ ಕೈಮಗ್ಗದ ಉತ್ಪನ್ನ ಎಂದೇ ದಾಖಲಾಗಿದೆ.

ಬಾಗಲಕೋಟೆಯದು ತೀರಾ ಭಿನ್ನ ಪರಂಪರೆ. ಆಲಮಟ್ಟಿಯ ಹಿನ್ನೀರು ಬಂದು ಊರಿನ ಬಹುಭಾಗ ಎದ್ದು ನವನಗರದ ಸೆಕ್ಟರುಗಳಿಗೆ ಹೋಯಿತು. ಹೀಗಾಗಿ ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು, ಬಿಟ್ಟವರಿಗೆ ಏನು ಕೊಟ್ಟರು ಎಂಬ ವಿಷಯದಲ್ಲಿ ಇಲ್ಲಿಯವರನ್ನು ಮೀರಿಸುವ ತಜ್ಞರು ದೇಶದಲ್ಲಿಲ್ಲ. ಬೇರೆ ಊರಿನವರು ರಿಟೆನ್ಷನ್ ಪಟ್ಟಿಯನ್ನು ಕ್ರೀಡಾ ಪುಟದಲ್ಲಿ ಓದಿದರೆ ಬಾಗಲಕೋಟೆಯವರು ಅದನ್ನು ಗೆಜೆಟ್ ಅಧಿಸೂಚನೆಯ ಹಾಗೆ ಓದುತ್ತಾರೆ: ಮೊದಲು ತಮ್ಮವರ ಹೆಸರು, ಆಮೇಲೆ ಮೊತ್ತ, ಕೊನೆಗೆ ಆಕ್ಷೇಪಣೆ ಸಲ್ಲಿಸಲು ಕಡೆಯ ದಿನಾಂಕ. ಕೊನೆಯದು ಪಟ್ಟಿಯಲ್ಲಿ ಇರುವುದಿಲ್ಲ. ಆಕ್ಷೇಪಣೆಗಳು ಮಾತ್ರ ವರ್ಷವಿಡೀ ಬರುತ್ತವೆ.

ಅವರ ವರ್ಗೀಕರಣ ಹೀಗಿದೆ. ತಂಡಕ್ಕಾಗಿ 139 ವಿಕೆಟ್ ಕಿತ್ತು, 2022ರ ಹರಾಜಿಗೆ ಮುಂಚೆ ಬಿಡುಗಡೆಯಾಗಿ, ರಾಜಸ್ಥಾನಕ್ಕೆ ಆರೂವರೆ ಕೋಟಿಗೆ ಹೋದ ಚಾಹಲ್ ಪೂರ್ಣ ಮುಳುಗಡೆ. ಮುಂದೆ ಪಂಜಾಬ್ ಅವರಿಗೆ 18 ಕೋಟಿ ಕೊಟ್ಟಿದ್ದನ್ನು ಇಲ್ಲಿ ಹೆಚ್ಚುವರಿ ಪರಿಹಾರ ಎಂದು ಲೆಕ್ಕ ಹಿಡಿಯುತ್ತಾರೆ. ದೇವದತ್ತ ಪಡಿಕ್ಕಲ್ ಭಾಗಶಃ ಮುಳುಗಡೆ: ಆರ್‌ಸಿಬಿಯಿಂದ ಏಳೂಮುಕ್ಕಾಲು ಕೋಟಿಗೆ ರಾಜಸ್ಥಾನ, ಅಲ್ಲಿಂದ ಆವೇಶ್ ಖಾನ್‌ಗೆ ಬದಲಾಗಿ ಲಖನೌ, ಕಡೆಗೆ 2 ಕೋಟಿಗೆ ಮರಳಿ ಮನೆಗೆ. ಸಿರಾಜ್ ಪ್ರಕರಣ ಇನ್ನೂ ಕಠಿಣ. ಬಿಟ್ಟ ಬಳಿಕ ಗುಜರಾತಿಗೆ ಹನ್ನೆರಡೂಕಾಲು ಕೋಟಿಗೆ ಹೋಗಿ, 2025ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಗೇ ಬಂದು 19 ರನ್ನಿಗೆ 3 ವಿಕೆಟ್ ಕಿತ್ತರು. ಆ ಸಂಜೆ ನವನಗರದಲ್ಲಿ ಬೇಸರಗೊಂಡವರಿಗಿಂತ, ಹೊರಗೆ ಹಾಕಿಸಿಕೊಂಡವರು ಹೀಗೇ ಬರಬೇಕು ಎಂದವರೇ ಹೆಚ್ಚು.

ಆದರೆ ಈ ಘರಾಣೆಯ ಕಣ್ಣು ಒದ್ದೆಯಾಗುವುದು ಕೆ.ಎಲ್. ರಾಹುಲ್ ವಿಷಯಕ್ಕೆ. 2013ರಲ್ಲಿ ಆರ್‌ಸಿಬಿ, ಆಮೇಲೆ ಹೈದರಾಬಾದ್, 2016ಕ್ಕೆ ವಾಪಸು, 2018ಕ್ಕೆ ಪಂಜಾಬ್, ಅಲ್ಲಿಂದ ಲಖನೌ, ಅಲ್ಲಿಂದ ದೆಹಲಿ. 2025ರ ಏಪ್ರಿಲ್ 10ರಂದು ಅವರು ದೆಹಲಿಯ ಬಟ್ಟೆ ತೊಟ್ಟು ಚಿನ್ನಸ್ವಾಮಿಗೆ ಬಂದು, ಔಟಾಗದೆ 93 ಹೊಡೆದು, ಗೆಲುವಿನ ಸಿಕ್ಸರ್ ಬಾರಿಸಿ, ಬ್ಯಾಟಿನಿಂದ ನೆಲದ ಮೇಲೆ ಒಂದು ಗುಂಡು ಗೀಟು ಎಳೆದು, ಬ್ಯಾಟನ್ನು ಅದರ ನಡುವೆ ಊರಿದರು. ದೇಶವೆಲ್ಲ ಅದನ್ನು ಸಿನಿಮಾದ ಅನುಕರಣೆ ಎಂದಿತು. ನವನಗರದ ಚಹಾದಂಗಡಿಯಲ್ಲಿ ಮಾತ್ರ ಒಬ್ಬ ಕಾಕಾ ಬಸಿಯನ್ನು ಕೆಳಗಿಟ್ಟು ಹೇಳಿದರು:

"ಹಿನ್ನೀರಿನ ದಂಡಿಗೆ ಹೋದಾಗ ನಾವೂ ಹಿಂಗs ಕೈ ಮಾಡಿ ತೋರಸ್ತೀವಲ್ಲ. ಅಲ್ಲೇ ಇತ್ತು ನಮ್ಮ ಮನಿ, ಅಂತ."

ವಾದಕ್ಕೆ ನಿಂತಿದ್ದವರು ಆಗ ಸ್ವಲ್ಪ ಹೊತ್ತು ಸುಮ್ಮನಾದರು. ಶಾಸ್ತ್ರಕ್ಕೆ ಒಗ್ಗದ ವರ್ತನೆ ಅದು, ದಾಖಲೆಗಾಗಿ ಬರೆದಿದ್ದೇನೆ.

ಬಾಗಲಕೋಟೆಯ ಇನ್ನೊಂದು ಬಲ ದಶಮಾಂಶ. 519.60 ಮೀಟರ್, 524.256 ಮೀಟರ್ ಎಂದು ಅಣೆಕಟ್ಟಿನ ಎತ್ತರವನ್ನು ಸೆಂಟಿಮೀಟರ್ ಬಿಡದೆ ಹೇಳುವ ಊರಿಗೆ ನೆಟ್ ರನ್ ರೇಟ್ ಯಾವ ಲೆಕ್ಕ? 2024ರ ಮೇ 18ರಂದು ಚೆನ್ನೈ ವಿರುದ್ಧ 218 ಹೊಡೆದ ಆರ್‌ಸಿಬಿ ಕನಿಷ್ಠ 18 ರನ್ನಿಂದ ಗೆಲ್ಲಬೇಕಿತ್ತು, 27ರಿಂದ ಗೆದ್ದಿತು. ಉಳಿದ ಕರ್ನಾಟಕ ಕ್ಯಾಲ್ಕುಲೇಟರ್ ಹುಡುಕುತ್ತಿದ್ದಾಗ ಇಲ್ಲಿ ಲೆಕ್ಕ ಮುಗಿದು ಎರಡನೇ ಸುತ್ತಿನ ಚಹಾ ಬಂದಿತ್ತು.

ಆಟಗಾರರ ಅದಲುಬದಲಿಗೂ ಈ ಅಂಗಡಿಯಲ್ಲೇ ಕರಡು ಸಿದ್ಧವಾಗುತ್ತದೆ.

"ಲಿವಿಂಗ್‌ಸ್ಟೋನ್ ಕೊಡೂದು, ಬುಮ್ರಾನ ತರೂದು."

"ಮುಂಬೈದವ್ರು ಯಾಕ ಕೊಡ್ತಾರೋ?"

"ಅವ್ರಿಗೆ ಗೊತ್ತಾಗಲಾರದಂಗ ಕೇಳಬೇಕ."

ವರ್ಗಾವಣೆಗೆ ಎರಡೂ ಫ್ರಾಂಚೈಸಿ ಒಪ್ಪಬೇಕು, ಆಟಗಾರನೂ ಒಪ್ಪಬೇಕು ಎಂಬ ನಿಯಮವಿದೆಯಲ್ಲ ಎಂದೆ. ಒಪ್ಪಿಗೆ ಕೇಳಿ ಯಾವ ಕೆಲಸ ಆಗಿದೆ ಈ ಜಿಲ್ಲೆಯಲ್ಲಿ ಎಂದು ಮರುಪ್ರಶ್ನೆ ಬಂತು. ಚರ್ಚೆ ಮುಂದುವರಿಸಲಿಲ್ಲ.

ಹಣದ ವಿಷಯಕ್ಕೆ ಹುನಗುಂದ ತಾಲ್ಲೂಕೇ ಪ್ರಮಾಣ, ಅದರಲ್ಲೂ ಅಮೀನಗಡದ ಕುರಿ ಸಂತೆಯ ಅನುಭವಿಗಳು. ಅವರ ವಿಧಾನದಲ್ಲಿ ಸರಾಸರಿ, ಸ್ಟ್ರೈಕ್ ರೇಟ್ ಯಾವುದೂ ಇಲ್ಲ. ಹಲ್ಲು ನೋಡಬೇಕು, ಬೆನ್ನ ಮೇಲೆ ಕೈ ಆಡಿಸಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ಆರ್‌ಸಿಬಿ ಇಷ್ಟು ವರ್ಷ ಹಲ್ಲು ನೋಡದೆ ಹಗ್ಗ ಹಿಡಿಯಿತು ಎಂಬುದು ಇವರ ತೀರ್ಪು. 2014ರಲ್ಲಿ ಯುವರಾಜ್‌ಗೆ 14 ಕೋಟಿ. 2017ರಲ್ಲಿ ಟೈಮಲ್ ಮಿಲ್ಸ್‌ಗೆ 12 ಕೋಟಿ, ಬಂದ ವಿಕೆಟ್ 5. 2021ರಲ್ಲಿ ಜೇಮಿಸನ್‌ಗೆ 15 ಕೋಟಿ, ವಿಕೆಟ್ 9. ಹೇಜಲ್‌ವುಡ್ ವ್ಯವಹಾರವನ್ನಂತೂ ಸಂತೆಯಲ್ಲಿ ಮಕ್ಕಳಿಗೆ ನೀತಿಕತೆಯಾಗಿ ಹೇಳಬಹುದು. ಏಳೂಮುಕ್ಕಾಲು ಕೋಟಿಯ ಟಗರನ್ನು 2023ರಲ್ಲಿ ಬಿಟ್ಟು, ಮರುವರ್ಷ ಜೆಡ್ಡಾದ ಹರಾಜಿನಲ್ಲಿ ಅದೇ ಟಗರನ್ನು ಹನ್ನೆರಡೂವರೆ ಕೋಟಿಗೆ ಹಿಡಿದುಕೊಂಡು ಬಂದರು. ಆ ಟಗರು 22 ವಿಕೆಟ್ ಕಿತ್ತು ಕಪ್ ತಂದುಕೊಟ್ಟಿತಲ್ಲ ಎಂದರೆ, "ಈ ಸಲ ಹಲ್ಲ ನೋಡಿ ತಂದಾರ" ಎಂದು ಹುನಗುಂದ ಘರಾಣೆ ಫೈಲು ಮುಚ್ಚುತ್ತದೆ.

ನಾಯಕತ್ವದ ಪ್ರಶ್ನೆಗಳನ್ನು ಬಾದಾಮಿಗೆ ಕಳಿಸುವುದು ವಾಡಿಕೆ. ಕೀರ್ತಿವರ್ಮ ತೀರಿದಾಗ ಮಗ ಪುಲಕೇಶಿ ಚಿಕ್ಕವ. ಚಿಕ್ಕಪ್ಪ ಮಂಗಳೇಶ ಹಂಗಾಮಿಯಾಗಿ ತಂಡ ನಡೆಸಿ, ಕೊನೆಗೆ ನಾಯಕಪಟ್ಟವನ್ನು ತನ್ನ ಮಗನಿಗೆ ಕೊಡಲು ಹೋದ. ಪುಲಕೇಶಿ ಹೊಡೆದಾಡಿ ಪಡೆದ. ಡ್ರೆಸಿಂಗ್ ರೂಮಿನ ಈ ಒಳಜಗಳವನ್ನು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬರೆದಿಟ್ಟಿದ್ದಾನೆ. ಗುಹೆಗಳ ಮೆಟ್ಟಿಲ ಕೆಳಗೆ ಸೇರುವ ವಿದ್ವಾಂಸರು ಡು ಪ್ಲೆಸಿಯನ್ನು ಮಂಗಳೇಶನ ಸ್ಥಾನದಲ್ಲೂ ರಜತ್ ಪಾಟೀದಾರರನ್ನು ಪುಲಕೇಶಿಯ ಸ್ಥಾನದಲ್ಲೂ ಇಡುತ್ತಾರೆ. ಡು ಪ್ಲೆಸಿ ಕತ್ತಿ ಹಿರಿಯದೆ 2 ಕೋಟಿಗೆ ದೆಹಲಿಗೆ ಹೋದದ್ದು ಹೋಲಿಕೆಯನ್ನು ಕೊಂಚ ಕೆಡಿಸುತ್ತದೆ. ಆದರೆ ಮುಂದಿನದನ್ನು ಅಲ್ಲಗಳೆಯುವುದು ಕಷ್ಟ. ಪುಲಕೇಶಿ ನರ್ಮದೆಯ ತನಕ ಹೋಗಿ ಹರ್ಷನನ್ನು ತಡೆದ, 642ರಲ್ಲಿ ತವರು ವಾತಾಪಿಯಲ್ಲೇ ಪಲ್ಲವರಿಗೆ ಸೋತ. ಪಾಟೀದಾರರ ತಂಡ 2025ರ ಲೀಗಿನಲ್ಲಿ ಹೊರಗಿನ ಏಳಕ್ಕೆ ಏಳೂ ಪಂದ್ಯ ಗೆದ್ದಿತು, ಚಿನ್ನಸ್ವಾಮಿಯ ಮೊದಲ ಮೂರನ್ನು ಸಾಲಾಗಿ ಸೋತಿತು. ತವರಿನಲ್ಲಿ ಸೋಲುವುದು ಬಾದಾಮಿ ಚಾಲುಕ್ಯರ ಕಾಲದಿಂದ ಬಂದ ತಂತ್ರ ಎಂದು ಇದರಿಂದ ಸಿದ್ಧವಾಗುತ್ತದೆ.

ಇಷ್ಟೆಲ್ಲ ಸಿದ್ಧಾಂತಗಳ ಬುಡಕ್ಕೆ ಪೆಟ್ಟು ಬಿದ್ದದ್ದು 2025ರ ಜೂನ್ 3ರಂದು. ಅಹಮದಾಬಾದಿನಲ್ಲಿ ಆರ್‌ಸಿಬಿ 190 ಹೊಡೆದು, ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ 17 ಮಾತ್ರ ಕೊಟ್ಟು 2 ವಿಕೆಟ್ ತೆಗೆದು, ಪಂಜಾಬನ್ನು 6 ರನ್ನಿಂದ ಸೋಲಿಸಿತು. ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದರ ಬಗ್ಗೆ ಯಾವ ಘರಾಣೆಯೂ ಸಿದ್ಧಾಂತ ಕಟ್ಟಲಿಲ್ಲ, ಇಲ್ಲಿಯೂ ಕಟ್ಟುವುದಿಲ್ಲ. ಶಾಸ್ತ್ರದ ಮಟ್ಟಿಗೆ ಹೇಳುವುದಾದರೆ, ಹದಿನೇಳು ವರ್ಷ ಸೋಲಿನ ಕಾರಣಗಳನ್ನು ಅರೆದು ಕುಡಿದವರಿಗೆ ಆ ಬೇಸಿಗೆಯಲ್ಲಿ ಕೆಲಸವೇ ಇಲ್ಲವಾಯಿತು. ಗೆಲುವಿಗೆ ಕಾರಣ ಹುಡುಕುವ ಅಭ್ಯಾಸ ಯಾರಿಗೂ ಇರಲಿಲ್ಲ. ಅದೃಷ್ಟವಶಾತ್ ನವೆಂಬರ್ ಬಂತು. ಗೆದ್ದ ತಂಡದಿಂದಲೂ ಲಿವಿಂಗ್‌ಸ್ಟೋನ್ ಮುಂತಾದವರನ್ನು ಕೈಬಿಟ್ಟರು. ಡಿಸೆಂಬರ್‌ನಲ್ಲಿ ವೆಂಕಟೇಶ್ ಅಯ್ಯರ್‌ಗೆ 7 ಕೋಟಿ ಕೊಟ್ಟರು. ನಾಲ್ಕೂ ಊರುಗಳಲ್ಲಿ ಧ್ವನಿ ಮೊದಲಿನ ಮಟ್ಟಕ್ಕೆ ಏರಿತು.

ಕೈಬಿಟ್ಟವರಲ್ಲಿ ರಾಯಚೂರಿನ ಮನೋಜ್ ಭಾಂಡಗೆಯೂ ಇದ್ದರು. ಕಪ್ ಗೆದ್ದ ತಂಡದಲ್ಲಿದ್ದ ನಮ್ಮ ಕಡೆಯ ಹುಡುಗ, ಆ ವರ್ಷ ಬಹುಪಾಲು ಬೆಂಚಿನ ಮೇಲೇ ಕೂತವರು. ಈ ವಿಷಯ ತೆಗೆದಾಗ ಎಲ್ಲರೂ ತಂಡದ ಆಡಳಿತವನ್ನು ಬೈದರು. ಸರಿ, ನಿಮ್ಮೂರಿನ ಹುಡುಗರ ತಂಡಕ್ಕೆ ಕೀಪಿಂಗ್ ಯಾರು ಮಾಡುತ್ತಾರೆ ಎಂದು ಕೇಳಿದೆ. ಒಬ್ಬರು ಶಾಲೆಯ ಪಿ.ಟಿ. ಮೇಷ್ಟ್ರನ್ನು ಕೇಳಬೇಕು ಎಂದರು. ಇನ್ನೊಬ್ಬರು ಮೈದಾನದಲ್ಲಿ ಈಗ ಆಟ ನಡೆಯುತ್ತದೆಯೇ ಎಂದು ನನ್ನನ್ನೇ ವಿಚಾರಿಸಿದರು. ಮೂರನೆಯವರು ಫಿಲ್ ಸಾಲ್ಟ್ ಗ್ಲೌಸ್ ಹಾಕಬೇಕೋ ಜಿತೇಶ್ ಹಾಕಬೇಕೋ ಎಂದು ಮೂಲ ವಿಷಯಕ್ಕೆ ಎಲ್ಲರನ್ನೂ ಕರೆತಂದರು. ಶಿಸ್ತಿನ ಅಧ್ಯಯನ ಎಂದರೆ ಅದು.

ಈ ಸೀಮೆಗೆ ಬರುವ ಓದುಗರಲ್ಲಿ ಒಂದೇ ವಿನಂತಿ. ನಾಲ್ಕನೇ ಕ್ರಮಾಂಕಕ್ಕೆ ಯಾರು ಎಂದು ಕೇಳಿ, ಮೊದಲು ಒಂದು ಪ್ಲೇಟ್ ಭಜಿ ಹೇಳಿ, ತೊಂದರೆಯಿಲ್ಲ. ಇಷ್ಟು ತಪ್ಪು ಮಾಡಿದ ತಂಡ ಗೆದ್ದದ್ದು ಹೇಗೆ ಎಂದು ಮಾತ್ರ ಕೇಳಬೇಡಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಖಂಡಿತ ತಪ್ಪುತ್ತದೆ.