ಹೊಸ ಕುಕ್ಕುಟಾಧಿಪತಿಗಳು

ನಿವೃತ್ತಿಯಾದ ಗಂಡಸರಿಗೆ ಮೊದಲೆಲ್ಲ ಎರಡೇ ದಾರಿ: ಒಂದು ಪಾರ್ಕು, ಇನ್ನೊಂದು ಪಾರಾಯಣ. ಈಗ ಕೋಳಿ ಸೇರಿಕೊಂಡಿದೆ. ಬೆಂಗಳೂರಿನ ಅಂಚಿನ ಯಾವ ಬಡಾವಣೆಗೆ ಹೋದರೂ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಪರರ ಸಾಲದ ಅರ್ಜಿಯಲ್ಲಿ ತಪ್ಪು ಹುಡುಕಿ ಪಳಗಿದ ಒಬ್ಬ ಕುಕ್ಕುಟಾಧಿಪತಿ ಸಿಕ್ಕೇ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಬರ್ಮುಡಾ ಚಡ್ಡಿ, ಕೈಯಲ್ಲಿ ನುಚ್ಚಿನ ಡಬ್ಬ, ಬಾಯಲ್ಲಿ "ಫಾರಂ ಮೊಟ್ಟೇಲಿ ಏನಿದೆ ಮಣ್ಣು? ಬರೀ ಔಷಧಿ!"

ಮಗಳಿಗೆ ಗಂಡು ನೋಡುವಾಗ ಇವರು ಹುಡುಗನ ಸೋದರಮಾವನ ಸಕ್ಕರೆ ಕಾಯಿಲೆಯವರೆಗೂ ವಿಚಾರಿಸಿದ್ದರು. ಕೋಳಿ ಕೊಳ್ಳುವಾಗ ಮಾತ್ರ ಜುಟ್ಟು ಕೆಂಪಗಿದ್ದರೆ ಸಾಕು. ಸಂತೆಯಲ್ಲಿ ಹತ್ತಾರು ಹಟ್ಟಿಯ ಕೋಳಿಗಳು ಒಂದೇ ಮಂಕರಿಯಲ್ಲಿ ಕೂತು, ಬೆಳಗಿನಿಂದ ಒಂದರ ಮೂಗಿಗೆ ಇನ್ನೊಂದು ಉಸಿರು ಬಿಟ್ಟುಕೊಂಡಿದ್ದವು. ಅದರಿಂದ ನಾಲ್ಕು ನಾಟಿ ಹ್ಯಾಟೆ ಆರಿಸಿ, ಕಾಲು ಕಟ್ಟಿಸಿ, ಕಾರಿನ ಡಿಕ್ಕಿಗೆ ಹಾಕಿಕೊಂಡು ಬಂದರು. ಮನೆಯಲ್ಲಿ ಮೊದಲೇ ಒಂದು ಜೊತೆ ಗಿರಿರಾಜ ಇತ್ತು, ಹೆಬ್ಬಾಳದಲ್ಲಿ ರೂಪುಗೊಂಡ ತಳಿ ಎಂದು ಬಂದವರಿಗೆಲ್ಲ ಪರಿಚಯಿಸುವ ಜೊತೆ. ಹೊಸ ಸೊಸೆಯರನ್ನು ಅದೇ ಸಂಜೆ ಅದೇ ಗೂಡಿಗೆ ತುಂಬಿಸಿಕೊಂಡದ್ದಾಯಿತು. "ಪಾಪ, ಬೇರೆ ಇಟ್ಟರೆ ಬೇಜಾರು ಮಾಡ್ಕೊಳ್ತವೆ."

ಇದೇ ಮಹಾನುಭಾವರು 2020ರಲ್ಲಿ ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿದವರು. ಪುಣೆಯಿಂದ ಬಂದ ಸ್ವಂತ ಮಗನನ್ನು ಮಹಡಿ ಕೋಣೆಯಲ್ಲಿ 14 ದಿನ ಕೂಡಿಹಾಕಿ ಬಾಗಿಲ ಸಂದಿಯಲ್ಲಿ ಚಪಾತಿ ತಳ್ಳಿದವರು.

ವಾರ ಕಳೆಯುವುದರೊಳಗೆ ಸಂತೆಯ ಹ್ಯಾಟೆಯೊಂದು ತಲೆ ಒದರಿ ಸೀನಿತು. ಕಣ್ಣಿನ ಮೂಲೆಯಲ್ಲಿ ನೊರೆಗುಳ್ಳೆ. ಹತ್ತು ಹದಿನೈದು ದಿನಕ್ಕೆ ಗಿರಿರಾಜಗಳೂ ಬಾಯಿ ತೆರೆದು ಉಸಿರೆಳೆಯತೊಡಗಿದವು. ಹಗಲಿನ ಗದ್ದಲದಲ್ಲಿ ಗೊತ್ತಾಗದ ಗೊರಗೊರ ರಾತ್ರಿ ಸ್ಪಷ್ಟ. ಯಜಮಾನರು ಟಾರ್ಚು ಹಿಡಿದು ಜಾಲರಿಗೆ ಕಿವಿಗೊಟ್ಟು ಕೂತರು. "ನಾನು ಕೆಮ್ಮಿದರೆ ಮಗ್ಗುಲು ಬದಲಾಯಿಸ್ತಿದ್ರಿ," ಎಂದು ಒಳಗಿನಿಂದ ಒಂದು ದನಿ ಬಂತು.

ಬೆಳಗಾದರೆ ಬಡಾವಣೆಯೆಲ್ಲ ವೈದ್ಯರೇ. ಬೆಳ್ಳುಳ್ಳಿ ಒಬ್ಬರದು, ತುಂಬೆರಸ ಇನ್ನೊಬ್ಬರದು, ಕೊಕ್ಕಿಗೆ ವಿಕ್ಸ್ ಹಚ್ಚಿ ಎಂದವರೂ ಉಂಟು. ಹೇಗಿದ್ದರೂ ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲವಲ್ಲ. ನಿವೃತ್ತ ಮೇಷ್ಟ್ರೊಬ್ಬರು ತಗ್ಗಿದ ದನಿಯಲ್ಲಿ "ಕೊಕ್ಕರೆ ರೋಗ ಇರಬಹುದು, ರಾಣಿಖೇತ್" ಅಂದುಬಿಟ್ಟರು. ಎಲ್‌ಟಿಸಿ ಹಾಕಿ ಹೋಗಿ, ಹಿಮಾಲಯದ ಮುಂದೆ ಮಫ್ಲರ್ ಸುತ್ತಿ ಫೋಟೊ ತೆಗೆಸಿಕೊಂಡ ಊರು ಹೀಗೆ ಹಿತ್ತಿಲಿಗೇ ಬರುತ್ತದೆಂದು ಯಜಮಾನರು ಎಣಿಸಿರಲಿಲ್ಲ. (ಇಂಗ್ಲೆಂಡಿನವರಿಗೆ ಅದೇ ರೋಗ ನ್ಯೂಕ್ಯಾಸಲ್. ತಮ್ಮ ಊರಿನ ಹೆಸರಿಗೆ ಹೀಗೆ ರೋಗ ಅಂಟಿಸಿದವರ ಮೇಲೆ ಎರಡೂ ಊರಿನವರು ಮೊಕದ್ದಮೆ ಹೂಡಬೇಕಿತ್ತು.) ರಾಣಿಖೇತ್ ಅಂದರೆ ಚಳಿ, ಚಳಿಗೆ ಹೊದಿಕೆ. ಕಳೆದ ರಾಜ್ಯೋತ್ಸವದ ಫ್ಲೆಕ್ಸು ಗೂಡಿನ ನಾಲ್ಕೂ ಸುತ್ತ ಬಿಗಿಯಾಗಿ ಏರಿತು.

ಪಶುವೈದ್ಯರು ಬಂದವರೇ ಮೊದಲು ಕಿತ್ತದ್ದು ಆ ಫ್ಲೆಕ್ಸನ್ನು. "ಒಳಗೆ ತಲೆ ಹಾಕಿ ನೋಡಿ ಸಾರ್." ಹಾಕಿದರು, ಕಣ್ಣೀರು ಬಂತು. "ಹಿಕ್ಕೆಯ ಅಮೋನಿಯಾ. ನಿಮಗೆ ಒಂದು ನಿಮಿಷ, ಅದಕ್ಕೆ ರಾತ್ರಿಯೆಲ್ಲ. ಶ್ವಾಸನಾಳ ಸುಟ್ಟುಹೋದ ಮೇಲೆ ಬಂದ ರೋಗಾಣುಗೆಲ್ಲ ಬಾಗಿಲು ಹಾರುಹೊಡೆದ ಹಾಗೆ." ಕತ್ತು ತಿರುಚಿಲ್ಲ, ಹಸಿರು ಭೇದಿ ಇಲ್ಲ, ಒಂದೂ ಸತ್ತಿಲ್ಲ, ಹಾಗಾಗಿ ಕೊಕ್ಕರೆ ರೋಗದ ಲಕ್ಷಣ ಕಾಣುವುದಿಲ್ಲ. ಮುಖ ಊದಿ ಮೂಗು ನಾರುತ್ತಿದ್ದರೆ ಕೊರೈಝಾ ಅನ್ನಬಹುದಿತ್ತು. ಇದು ಸಿಆರ್‌ಡಿ ಇರಬೇಕು, ಅಂದರೆ ಬಿಡದೆ ಕಾಡುವ ಉಸಿರಾಟದ ಕಾಯಿಲೆ, ಮೈಕೊಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನದು. ಒಳಗೇ ಇಟ್ಟುಕೊಂಡು ಆರೋಗ್ಯವಾಗಿ ಓಡಾಡುವ ಕೋಳಿ, ಸಂತೆ, ಡಿಕ್ಕಿ, ಹೊಸ ಜಾಗ ಎಂದು ಸುಸ್ತಾದ ಕೂಡಲೇ ಅದನ್ನು ಹೊರಗೆ ಹಾಕುತ್ತದೆ. "ಕೋಳಿಗೆ ನೆಗಡಿ ಮೂಗಲ್ಲೇ ಮುಗಿಯಲ್ಲ ಸಾರ್, ಅದರ ಗಾಳಿಚೀಲ ಹೊಟ್ಟೆತನಕ ಇದೆ. ಔಷಧಿಗೆ ಕೆಮ್ಮು ನಿಲ್ಲುತ್ತೆ, ರೋಗಾಣು ನಿಮ್ಮ ಮನೆ ಖಾಯಂ ಸದಸ್ಯ. ಮೊಟ್ಟೆ ಮೂಲಕ ಮರಿಗೂ ಹೋಗಬಹುದು. ಅಂದ ಹಾಗೆ, ಹೊಸಾವನ್ನ ತಂದಾಗ ಒಂದು ತಿಂಗಳು ಬೇರೆ ಇಟ್ಟಿದ್ರಿ ತಾನೆ?"

ಯಜಮಾನರು ಮಾವಿನ ಮರದಲ್ಲಿ ಕಾಯಿ ಎಣಿಸಿದರು.

ಕೋಳಿಗಳು ಈಗ ನೀರಿನ ಜೊತೆ ಆ್ಯಂಟಿಬಯಾಟಿಕ್ ಕುಡಿಯುತ್ತವೆ. ಔಷಧಿ ನಡೆಯುವಾಗ, ಆಮೇಲೂ ವೈದ್ಯರು ಹೇಳುವ ತನಕ, ಮೊಟ್ಟೆ ತಿನ್ನುವಂತಿಲ್ಲ. ಔಷಧಿಯಿಲ್ಲದ ಮೊಟ್ಟೆಯ ಬಗ್ಗೆ ಬಡಾವಣೆಗೆಲ್ಲ ಉಪನ್ಯಾಸ ಕೊಟ್ಟವರು ಕತ್ತಲಾದ ಮೇಲೆ, ಎರಡು ರಸ್ತೆ ಆಚೆಯ ಅಂಗಡಿಯಿಂದ, ಬಟ್ಟೆಚೀಲದಲ್ಲಿ ಫಾರಂ ಮೊಟ್ಟೆ ತರುತ್ತಾರೆ. ಅಂಗಡಿಯವನಿಗೆ "ನಾಯಿಗೆ" ಅನ್ನುತ್ತಾರೆ. ನಾಯಿ ಇಲ್ಲ.

ಕೆಮ್ಮು ಪೂರ್ತಿ ನಿಂತ ಮೇಲೆ ರಾಣಿಖೇತ್ ಲಸಿಕೆ ಹಾಕಿಸಿ ಎಂಬ ಸಲಹೆಯಾಯಿತು. ಮನೆಯಲ್ಲಿರುವುದು ಆರು ಕೋಳಿ, ಸಿಕ್ಕ ಶೀಷೆ 100 ಡೋಸಿನದು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. 94 ಡೋಸು ಚರಂಡಿಗೆ! ಬ್ಯಾಂಕಿನ ಜೀವ ಒಪ್ಪೀತೆ? ಥರ್ಮಾಸಿಗೆ ಐಸು ತುಂಬಿ ಪಕ್ಕದ ಹಳ್ಳಿಗೆ ಹೊರಟೇಬಿಟ್ಟರು, ಹಿತ್ತಿಲಲ್ಲಿ ಓಡಾಡಿದ ಅದೇ ಚಪ್ಪಲಿಯಲ್ಲಿ. ನಡು ಮಧ್ಯಾಹ್ನ. ಕೋಳಿಗಳೆಲ್ಲ ತಿಪ್ಪೆ, ಬೇಲಿ, ರಾಗಿ ಹೊಲ ಎಂದು ಚದುರಿಹೋಗಿದ್ದವು.

ಮೊದಲ ಮನೆಯ ಅಜ್ಜಿ ಜಗಲಿಯಿಂದ ಏಳಲೂ ಇಲ್ಲ. "ಕೋಳಿಗೆ ಮದ್ದು ಹಾಕೋರು ಹೊತ್ತು ಮುಳುಗಿದ್ಮೇಲೆ ಬತ್ತಾರೆ, ಗೂಡು ಸೇರಿರ್ತವೆ." ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದಳು: "ಆ ಕೆಮ್ಮೋ ಕೋಳಿ ಮನೆಯೋರು ನೀವೇ ಅಲ್ವಾ ಸ್ವಾಮಿ? ಚಪ್ಲಿ ಅಲ್ಲೇ ಬುಡಿ. ನೀವೂ ಅಲ್ಲೇ ನಿಲ್ಲಿ."