ಸಿಂಥಪ್ಪನ ಮುಗಿಯದ ವಾದ್ಯ

ಮನೆಯ ಕಂಪ್ಯೂಟರಿನಲ್ಲಿ ತನ್ನದೇ ಸಿಂಥಸೈಜರ್ ಕಟ್ಟುವ ಮನುಷ್ಯನನ್ನು ಸಿಂಥಪ್ಪ ಎಂದು ಕರೆಯೋಣ. ಸೆಕೆಂಡಿಗೆ 44,100 ಅಂಕಿಗಳನ್ನು ಲೆಕ್ಕ ಹಾಕಿ ಸ್ಪೀಕರಿಗೆ ಸುರಿದರೆ ಸ್ವರ ಹುಟ್ಟುತ್ತದೆ ಎಂಬುದು ಅವನಿಗೆ ದಿನವೂ ಹೊಸ ಪವಾಡ, ಪವಾಡವೇ, ತಕರಾರಿಲ್ಲ. ತಕರಾರು ಇರುವುದು ಮುಂದಿನದರಲ್ಲಿ. ಅವನ ಸರಳೆವರಸೆ ಗಾಂಧಾರ ದಾಟಿದ್ದನ್ನು ಮನೆಯಲ್ಲಿ ಯಾರೂ ಕೇಳಿಲ್ಲ. ‘ಗ’ಕ್ಕೆ ಬರುವಷ್ಟರಲ್ಲಿ ಫಿಲ್ಟರಿನಲ್ಲೇನೋ ಕಿರಿಕಿರಿ ಎನ್ನಿಸಿ ಕೈ ಮೌಸಿಗೆ ಹೋಗುತ್ತದೆ. “ಇದೊಂದು ಸರಿಹೋಗ್ಲಿ, ಆಮೇಲೆ ನುಡಿಸ್ತೀನಿ” ಎಂಬುದು ಪಲ್ಲವಿ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ನುಡಿಸದೆ ಅವನ ವಾದ್ಯ ಮುಗಿಯುವುದೇ ಇಲ್ಲ ಎಂಬುದು ನನ್ನ ವಾದ.

ಅವನ ಪರಮವೈರಿಯನ್ನೇ ನೋಡಿ: ಕೀಲಿ ಒತ್ತುವುದಕ್ಕೂ ಸ್ವರ ಕೇಳುವುದಕ್ಕೂ ನಡುವಿನ ತಡ. ಕಂಪ್ಯೂಟರ್ 256 ಅಂಕಿಗಳ ಕಂತಿನಲ್ಲಿ ನಾದ ಕಳಿಸಿದರೆ ಒಂದು ಕಂತಿಗೆ ಸುಮಾರು 5.8 ಮಿಲಿಸೆಕೆಂಡು. ಸಹಿಸಲಾರದೆ ಸಿಂಥಪ್ಪ ಅದನ್ನು 128ಕ್ಕೆ ಇಳಿಸುತ್ತಾನೆ. ಲೆಕ್ಕ ಹೊತ್ತಿಗೆ ಮುಗಿಯದೆ ಸ್ಪೀಕರು ಚಟಪಟ ಎನ್ನುತ್ತದೆ. ಇನ್ನು ಕೋಡನ್ನು ಚುರುಕುಗೊಳಿಸುವ ವ್ರತ. ಊಟಕ್ಕೆ ಕರೆದರೂ ಕೇಳಿಸದು. ಇಷ್ಟೆಲ್ಲ ಮಾಡಿ ಉಳಿಸಿದ್ದು ಮೂರು ಮಿಲಿಸೆಕೆಂಡಿಗೂ ಕಡಿಮೆ. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಸಾಗುತ್ತದೆ. ಕುರ್ಚಿಯನ್ನು ಸ್ಪೀಕರಿನತ್ತ ಒಂದು ಮೀಟರ್ ಎಳೆದುಕೊಂಡಿದ್ದರೂ ಲಾಭ ಅಷ್ಟೇ ಇತ್ತು. ಒಂದು ಹಾಡು ನುಡಿಸಿದ್ದರೆ ಆ ತಡ ಬೆರಳಿಗೆ ತೊಡಕೋ ಅಲ್ಲವೋ ತಿಳಿದುಬಿಡುತ್ತಿತ್ತು.

ಹೀಗೆ ಕೆದಕುವವರಿಲ್ಲದಿದ್ದರೆ ಹೊಸ ವಾದ್ಯ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಬಹುದು. ಕೇಳತಕ್ಕದ್ದೇ. ಆದರೆ ಹಿಂದೆ ಹಾಗೆ ಕೆದಕಿದವರ ಕೈಯಲ್ಲಿ ಹಾಡಿತ್ತು. 1957ರಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ‘ಮ್ಯೂಸಿಕ್’ ಪ್ರೋಗ್ರಾಮಿಗೆ ತೀರ ಬಡ ಧ್ವನಿ. ಆದರೂ ಅದು ಸಹೋದ್ಯೋಗಿ ನ್ಯೂಮನ್ ಗಟ್‌ಮನ್ ಬರೆದ 17 ಸೆಕೆಂಡಿನ ರಚನೆಯನ್ನು ನುಡಿಸಿಯೇಬಿಟ್ಟಿತು. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1967ರಲ್ಲಿ ಸ್ವರದ ಕಂಪನವನ್ನು ವಿಪರೀತ ಹೆಚ್ಚಿಸಿ ನೋಡುವಾಗ, ಕಂಪನವೇ ಮಾಯವಾಗಿ ಹೊಸ ನಾದಬಣ್ಣ ಕೇಳಿಸಿತು. ಅದನ್ನು ಹಿಡಿದದ್ದು ಸಂಗೀತ ರಚಿಸುವವನ ಕಿವಿ. 1983ರಲ್ಲಿ ಯಮಾಹಾ ಡಿಎಕ್ಸ್7 ಸಿಂಥಸೈಜರ್ ಆಗಿ ಅದು ಅಂಗಡಿಗೆ ಬಂತು. ಒಮ್ಮೆಗೆ 16 ಸ್ವರ, ಅಷ್ಟೇ. ಆ ‘ಅಷ್ಟೇ’ ಸಿಂಥಪ್ಪನ ಲೋಕದಲ್ಲಿಲ್ಲ. ವೀಣೆ ಮಾಡುವವನಿಗೂ ನುಡಿಸಲು ಬರಬೇಕೆಂದಿಲ್ಲವಲ್ಲ ಎಂದರೆ, ಒಪ್ಪಿದೆ. ಆದರೆ ಕೊರೆದ ಹಲಸಿನ ಮರವನ್ನು ಮತ್ತೆ ತುಂಬಲಾಗದು, ವೀಣೆ ಮುಗಿದು ವೈಣಿಕರ ಕೈಗೆ ಹೋಗುತ್ತದೆ. ಕೋಡನ್ನು ಪ್ರತಿ ರಾತ್ರಿ ಮತ್ತೆ ಕೊರೆಯಬಹುದು.

ಕಟ್ಟುವ ಸುಖವೇ ಸಾಕಲ್ಲವೇ ಎಂಬ ಕೊನೆಯ ಆಕ್ಷೇಪದ ಮುಂದೆ ನಾನು ಸ್ವಲ್ಪ ಮೆತ್ತಗಾಗುತ್ತೇನೆ. ಕಾರ್ಪ್ಲಸ್ ಮತ್ತು ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ವಿಧಾನವೊಂದಿದೆ: ಚೂರು ಗದ್ದಲವನ್ನು ಸುತ್ತು ಹಾಕಿಸುತ್ತ, ಅಕ್ಕಪಕ್ಕದ ಅಂಕಿಗಳ ಸರಾಸರಿ ತೆಗೆಯುತ್ತ ಹೋದರೆ ಮೀಟಿದ ತಂತಿ ಕೇಳುತ್ತದೆ. ನಾಲ್ಕಾರು ಸಾಲಿನ ಕೋಡು. ಅದು ಮೊದಲ ಸಲ ನುಡಿದಾಗ ಸಿಂಥಪ್ಪನ ಮುಖ ನೋಡಿ ನಗುವುದು ಕಷ್ಟ. ಆದರೆ ಆ ಸುಖ ಅವನೊಬ್ಬನ ಹೆಡ್‌ಫೋನಿನೊಳಗೇ ಉಳಿಯುತ್ತದಲ್ಲ! ಬೆಂಗಳೂರಿನ ರಾಡೆಲ್ ಸಂಸ್ಥೆ ಕಟ್ಟಿದ ಜಿ. ರಾಜನಾರಾಯಣ್ ಎಂಜಿನಿಯರರೂ ಹೌದು, ಕೊಳಲು ವಾದಕರೂ ಹೌದು. ಅವರ ಎಲೆಕ್ಟ್ರಾನಿಕ್ ತಂಬೂರಿ ಕಛೇರಿಯ ವೇದಿಕೆಗೇ ಏರಿತು. ಸಿಂಥಪ್ಪನೂ ಒಂದು ತಂಬೂರಿ ಮಾಡಲಿ: ನಾಲ್ಕೇ ತಂತಿ, ನುಡಿಸಲು ಬರದಿದ್ದರೂ ನಡೆಯುತ್ತದೆ. ಮನೆಯಲ್ಲಿ ಹಾಡುವವರೊಬ್ಬರನ್ನು ಎದುರು ಕೂರಿಸಿಕೊಳ್ಳಲಿ. ಶ್ರುತಿ ಸೇರುತ್ತಿಲ್ಲ ಎಂದು ಅವರು ಹುಬ್ಬು ಗಂಟಿಕ್ಕಿದರೆ, ಮಿಲಿಸೆಕೆಂಡಿನ ಲೆಕ್ಕ ಹೇಳಿ ಪಾರಾಗಲು ಬರುವುದಿಲ್ಲ.